ಅಜ್ಞಾತಫಲ: ಕೊಡಗಿನ ಕಾಡುತಿನಿಸುಗಳ ತಿಳಿವಳಿಕೆ ಮತ್ತು ಅದರ ಲೇಖನಕ್ರಮ

ಶ್ರಾವಕರು ವರ್ಜಿಸಬೇಕಾದ ಇಪ್ಪತ್ತೆರಡು ಅಭಕ್ಷ್ಯಗಳ ಗಣನೆಯಲ್ಲಿ ‘ಅಜ್ಞಾತಫಲ’ವೆಂಬುದೂ ಒಂದು. ಮದ್ಯ, ಮಾಂಸ, ಮಧು, ಪಂಚೋದುಂಬರ, ಕಂದಮೂಲ ಮೊದಲಾದುವನ್ನು ಬಿಡುವುದಕ್ಕೆ ಆಯಾ ವಸ್ತುವಿನಲ್ಲಿಯೇ ಇರುವ ದೋಷವು ಕಾರಣವಾಗಿದೆ. ಅಜ್ಞಾತಫಲದ ವಿಷಯ ಇವೆಲ್ಲಕ್ಕಿಂತ ಭಿನ್ನವಾದುದು. ಹಣ್ಣು ಸಿಹಿಯಾಗಿರಬಹುದು, ಪಥ್ಯವೂ ಆಗಿರಬಹುದು. ಆದರೆ ತಿನ್ನುವವನಿಗೆ ಅದರ ಹೆಸರು ಗುಣಗಳು ತಿಳಿಯದಿದ್ದರೆ ಅದು ಅಭಕ್ಷ್ಯವೇ ಸರಿ. ಮುನಿಯೊಬ್ಬನಿಂದ ಈ ವ್ರತವನ್ನು ಸ್ವೀಕರಿಸಿದ ವಂಕಚೂಲನೆಂಬ ಚೋರನಾಯಕನ ಕಥೆ ಜೈನ ಕಥಾಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ. ಅಡವಿಯಲ್ಲಿ ಹಸಿದ ಅನುಚರರು ಸುಂದರವಾಗಿ ಕಂಡ ಕಿಂಪಾಕಫಲಗಳನ್ನು ತಿಂದು ಸತ್ತರು. ಹೆಸರು ತಿಳಿಯದ ಹಣ್ಣನ್ನು ಮುಟ್ಟೆನೆಂದ ವಂಕಚೂಲನೊಬ್ಬನೇ ಉಳಿದನು. ಕಥೆಯ ಧಾರ್ಮಿಕ ತಾತ್ಪರ್ಯವು ವ್ರತಪಾಲನೆಯ ಮಹಿಮೆಯಾದರೂ, ಅದರೊಳಗೆ ಇನ್ನೊಂದು ಲೌಕಿಕ ಸತ್ಯವೂ ಅಡಗಿದೆ. ಕಾಡಿನಲ್ಲಿ ಮನುಷ್ಯನ ಪ್ರಾಣವು ಒಂದು ಹೆಸರಿನ ಮೇಲೆ ನಿಂತಿರುತ್ತದೆ.

ಈ ದೃಷ್ಟಿಯಿಂದ ನೋಡಿದಾಗ, ಕೊಡಗಿನ ಕಾಡುಗಳಲ್ಲಿ ಬೆಳೆಯುವ ತಿನ್ನತಕ್ಕ ಸೊಪ್ಪು, ಗೆಡ್ಡೆ, ಮೊಳಕೆ, ಹಣ್ಣುಗಳ ಬಗೆಗೆ ಅಲ್ಲಿನ ಜನಪದವು ಕಾಪಾಡಿಕೊಂಡು ಬಂದಿರುವ ತಿಳಿವಳಿಕೆಯು ಹಸ್ತಪ್ರತಿ ಶಾಸ್ತ್ರದ ಅಭ್ಯಾಸಿಗಳಿಗೆ ಅನ್ಯವಾದ ವಿಷಯವೆನಿಸುವುದಿಲ್ಲ. ಅದೊಂದು ಓಲೆಯಿಲ್ಲದ ಗ್ರಂಥ. ಅದನ್ನು ಬರೆದಿಡುವ ಕಾರ್ಯವು ಈಗ ಹಲವು ಕಡೆಗಳಿಂದ ನಡೆಯುತ್ತಿದೆ. ಆ ಬರೆವಣಿಗೆಗೆ ಎಂತಹ ಶಿಸ್ತು ಬೇಕು, ಬರೆದ ಮೇಲೆ ಅದು ಯಾರ ಸೊತ್ತಾಗುತ್ತದೆ ಎಂಬ ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲಾಗಿದೆ.

೧. ಶಾಸನಗಳಲ್ಲಿ ಕಾಣುವುದು, ಕಾಣದಿರುವುದು

ಕೊಡಗಿಗೂ ಜೈನಧರ್ಮಕ್ಕೂ ಇದ್ದ ಪ್ರಾಚೀನ ಸಂಬಂಧವು ವಿದ್ವಾಂಸರಿಗೆ ವಿದಿತವಾದುದೇ. ಶಕ ೮೦೯ರ, ಎಂದರೆ ಕ್ರಿ.ಶ. ೮೮೭-೮೮ರ ಬಿಳಿಯೂರು ಶಾಸನದಲ್ಲಿ ಗಂಗ ಸತ್ಯವಾಕ್ಯ ಪೆರ್ಮಾನಡಿಯು ಪೆನ್ನೆಗಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಬಿಳಿಯೂರಿನ ಹನ್ನೆರಡು ಪಳ್ಳಿಗಳನ್ನು ಸರ್ವಣಂದಿದೇವನಿಗೆ ದಾನವಿತ್ತುದು ಉಕ್ತವಾಗಿದೆ. ಶಕ ೮೯೯ರ ಪೆಗ್ಗೂರು ಶಾಸನವು ರಕ್ಕಸನ ಆಳ್ವಿಕೆಯನ್ನೂ ಬೆಳ್ಗೊಳದ ಅನಂತವೀರ್ಯರಿಗೆ ಸಂದ ದತ್ತಿಯನ್ನೂ ಹೇಳುತ್ತದೆ. ಉತ್ತರ ಕೊಡಗಿನ ಮುಳ್ಳೂರಿನ ಬಸದಿಗಳು ಕೊಂಗಾಳ್ವರ ಕಾಲದವು. ರಾಜೇಂದ್ರ ಕೊಂಗಾಳ್ವನು ತನ್ನ ತಂದೆ ಕಟ್ಟಿಸಿದ ಬಸದಿಗೆ ೧೦೫೮ರಲ್ಲಿ ದತ್ತಿ ಬಿಟ್ಟುದೂ, ಆ ರಾಜಕುಲದ ಗುರುವಾಗಿದ್ದ ಗುಣಸೇನ ಪಂಡಿತನು ೧೦೬೪ರಲ್ಲಿ ಮುಡಿಪಿದುದೂ ಅಲ್ಲಿನ ಶಾಸನಗಳಿಂದ ತಿಳಿಯುತ್ತದೆ. ಬಿ. ಎಲ್. ರೈಸ್ ಅವರು ೧೮೮೬ರಲ್ಲಿ ಪ್ರಕಟಿಸಿ, ೧೯೧೪ರಲ್ಲಿ ಪರಿಷ್ಕರಿಸಿದ ಕೊಡಗಿನ ಶಾಸನಗಳ ಸಂಪುಟದಲ್ಲಿ ಇವೆಲ್ಲ ಸೇರಿವೆ.

ಇಂತಹ ಶಾಸನಗಳ ಲಕ್ಷ್ಯವು ಊರು, ಗದ್ದೆ, ಎಲ್ಲೆ, ತೆರಿಗೆ ಮೊದಲಾದುವುಗಳ ಮೇಲೆ. ಯಾವುದನ್ನು ಅಳೆದು ಕೊಡಬಹುದೋ, ಯಾವುದರಿಂದ ಆದಾಯ ಬರುವುದೋ ಅದು ಕಲ್ಲಿನ ಮೇಲೆ ಬಂದಿತು. ಎಲ್ಲೆಯ ಆಚೆಗಿನ ಕಾಡಿನಿಂದ ಮಳೆಗಾಲದಲ್ಲಿ ಮನೆಗೆ ಬರುತ್ತಿದ್ದ ಮೊಳಕೆ ಸೊಪ್ಪುಗಳಿಗೆ ತೆರಿಗೆಯೂ ಇಲ್ಲ, ದಾನಪತ್ರವೂ ಇಲ್ಲ. ಆದಕಾರಣ ಅವುಗಳ ಇತಿಹಾಸವನ್ನು ಶಾಸನಗಳಲ್ಲಿ ಹುಡುಕುವುದಕ್ಕಿಂತ ಶಾಸ್ತ್ರಗ್ರಂಥಗಳಲ್ಲಿಯೂ ಜನರ ನಾಲಗೆಯಲ್ಲಿಯೂ ಹುಡುಕುವುದು ಉಚಿತವಾದೀತು.

೨. ಓಲೆಯ ಮೇಲೆ ಬಂದ ತಿಳಿವಳಿಕೆ

ಕನ್ನಡದಲ್ಲಿ ಲೌಕಿಕ ವಿದ್ಯೆಗಳನ್ನು ಬರೆದಿಡುವ ಸಂಪ್ರದಾಯ ಬಹು ಹಿಂದಿನದು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ೧೦೨೫ರ ಸುಮಾರಿಗೆ, ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದ, ಸೂಪಶಾಸ್ತ್ರ, ವೈದ್ಯ, ವಿಷವೈದ್ಯ ಮೊದಲಾದ ವಿಷಯಗಳು ಒಂದೆಡೆ ಕೂಡಿವೆ. ಅದಕ್ಕೂ ಹಿಂದೆ, ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿ, ಮದ್ಯ ಮಾಂಸ ಮಧುಗಳ ನೆರವಿಲ್ಲದೆ ಸಸ್ಯಮೂಲದಿಂದಲೇ ಚಿಕಿತ್ಸೆ ಸಾಧ್ಯವೆಂಬುದನ್ನು ಸ್ಥಾಪಿಸಿದರು. ೧೩೬೦ರ ಸುಮಾರಿನ ಮೊದಲನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ಸ್ಥಾವರ ಜಂಗಮ ವಿಷಗಳನ್ನು ವಿವರಿಸುವ ದೊಡ್ಡ ಗ್ರಂಥ. ಗಿಡಮರಗಳಿಂದ ಬರುವ ಸ್ಥಾವರ ವಿಷದ ಜ್ಞಾನವೂ ತಿನ್ನತಕ್ಕ ಸಸ್ಯದ ಜ್ಞಾನವೂ ಒಂದೇ ನಾಣ್ಯದ ಎರಡು ಮುಖಗಳಾಗಿವೆ.

ಕೊಡಗಿನ ಎಲ್ಲೆಗೆ ತೀರ ಸಮೀಪದಲ್ಲಿ ಹುಟ್ಟಿದ ಕೃತಿಯೆಂದರೆ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ‘ಸಮ್ಯಕ್ತ್ವಕೌಮುದಿ’, ‘ಜಯನೃಪಕಾವ್ಯ’, ‘ನೇಮಿಜಿನೇಶಸಂಗತಿ’ ಮೊದಲಾದುವನ್ನು ರಚಿಸಿದ ಈ ಜೈನಕವಿ ಚಂಗಾಳ್ವರ ಆಶ್ರಯದಲ್ಲಿದ್ದ ಕಲ್ಲಹಳ್ಳಿಯ ಪ್ರಭುಕುಲದವನು. ಕಾಲ ಹದಿನಾರನೆಯ ಶತಮಾನದ ಆದಿಭಾಗ. ಚಂಗಾಳ್ವರ ನಾಡು ಪಿರಿಯಾಪಟ್ಟಣದ ಸೀಮೆಯಿಂದ ಕೊಡಗಿನ ಪೂರ್ವಭಾಗದವರೆಗೆ ಹಬ್ಬಿತ್ತು. ‘ಸೂಪಶಾಸ್ತ್ರ’ದಲ್ಲಿ ಪಿಷ್ಟಪಾಕ, ಪಾನಕ, ಅನ್ನಪಾಕಗಳ ಜೊತೆಗೆ ಬದನೆ, ಹಲಸು, ಬಾಳೆಗಳಿಂದ ಮಾಡುವ ಹಲವು ಬಗೆಯ ಶಾಕಪಾಕಗಳೂ ಬಿದಿರ ಕಳಲೆಯ ಅಡುಗೆಯೂ ನಿರೂಪಿತವಾಗಿವೆ. ಬದನೆಯು ಇಪ್ಪತ್ತೆರಡು ಅಭಕ್ಷ್ಯಗಳ ಗಣನೆಯಲ್ಲಿ ಸೇರಿರುವುದನ್ನು ಬಲ್ಲ ಓದುಗರಿಗೆ ಇದು ಸೋಜಿಗವೆನಿಸಬಹುದು. ಮಂಗರಸನು ಇಲ್ಲಿ ಶ್ರಾವಕಾಚಾರವನ್ನು ಬರೆಯುತ್ತಿಲ್ಲ, ಪ್ರಭುವಿನ ಪಾಕಶಾಲೆಯ ಶಾಸ್ತ್ರವನ್ನು ಬರೆಯುತ್ತಿದ್ದಾನೆ ಎಂಬುದನ್ನು ನೆನೆದರೆ ಸೋಜಿಗವು ಕಡಿಮೆಯಾಗುತ್ತದೆ. ಶಾಸ್ತ್ರಕಾರನ ನಿಷ್ಠೆ ಅವನು ಕೈಗೊಂಡ ಶಾಸ್ತ್ರಕ್ಕೆ.

ಆದರೂ ಒಂದು ಮಾತನ್ನು ಗಮನಿಸಬೇಕು. ಇಂತಹ ಗ್ರಂಥಗಳಲ್ಲಿ ಪದಾರ್ಥವು ಅಡುಗೆಮನೆಯ ಹೊಸ್ತಿಲಿನಿಂದ ಒಳಕ್ಕೆ ಬಂದ ಮೇಲಿನ ವೃತ್ತಾಂತವಿದೆ. ಕಳಲೆಯನ್ನು ಯಾವ ಮೆಳೆಯಿಂದ, ಎಷ್ಟು ಎತ್ತರ ಬೆಳೆದಾಗ, ಎಷ್ಟನ್ನು ಬಿಟ್ಟು ಎಷ್ಟನ್ನು ಮುರಿಯಬೇಕೆಂಬ ತಿಳಿವು ಅದನ್ನು ತಂದವನಲ್ಲಿಯೇ ಉಳಿಯಿತು. ಅಡುಗೆಯವನ ವಿದ್ಯೆಗೆ ಷಟ್ಪದಿ ದೊರೆಯಿತು. ತಂದವನ ವಿದ್ಯೆಗೆ ದೊರೆಯಲಿಲ್ಲ.

೩. ನಾಲಗೆಯ ಮೇಲೆ ಉಳಿದ ತಿಳಿವಳಿಕೆ

ಆ ಎರಡನೆಯ ವಿದ್ಯೆ ಕೊಡಗಿನಲ್ಲಿ ಇಂದಿಗೂ ಜೀವಂತವಾಗಿದೆ. ಕೊಡವರು, ಅರೆಭಾಷೆಯ ಗೌಡರು, ಕುಡಿಯರು, ಯರವರು, ಜೇನುಕುರುಬರು, ಬೆಟ್ಟಕುರುಬರು ಮೊದಲಾದ ಸಮುದಾಯಗಳಲ್ಲಿ ಅದು ಹಂಚಿಹೋಗಿದೆ. ಗದ್ದೆಯ ಬದುವಿನ ಸೊಪ್ಪನ್ನು ಒಬ್ಬರು ಬಲ್ಲರೆ, ಒಳಗಾಡಿನ ಗೆಡ್ಡೆಯನ್ನು ಇನ್ನೊಬ್ಬರು ಬಲ್ಲರು.

ಈ ವಿದ್ಯೆಯ ಪಂಚಾಂಗ ಮಳೆ. ಮುಂಗಾರು ಹಿಡಿದ ಮೇಲೆ ಬಿದಿರ ಮೆಳೆಗಳಲ್ಲಿ ಏಳುವ ಮೊಳಕೆಯನ್ನು ಕೊಡವರು ಬೈಂಬಳೆ ಎನ್ನುತ್ತಾರೆ. ಕನ್ನಡದಲ್ಲಿ ಅದು ಕಳಲೆ, ತುಳುನಾಡಿನಲ್ಲಿ ಕಣಿಲೆ. ಹಸಿಯ ಕಳಲೆಯಲ್ಲಿ ಸಯನೈಡನ್ನು ಹುಟ್ಟಿಸುವ ದ್ರವ್ಯವಿರುವುದನ್ನು ಆಧುನಿಕ ರಸಾಯನಶಾಸ್ತ್ರ ಹೇಳುತ್ತದೆ. ಅದನ್ನು ತೆಳ್ಳಗೆ ಹೆಚ್ಚಿ, ನೀರಿನಲ್ಲಿ ನೆನೆಯಿಟ್ಟು, ನೀರನ್ನು ಬದಲಾಯಿಸಿ ಚೆಲ್ಲಿ, ಅನಂತರ ಬೇಯಿಸುವ ಕ್ರಮವು ಆ ಶಾಸ್ತ್ರ ಹುಟ್ಟುವುದಕ್ಕೆ ಎಷ್ಟೋ ಮುಂಚಿನಿಂದ ಮನೆಮನೆಯಲ್ಲಿ ರೂಢಿಯಾಗಿದೆ. ತೊರೆಯಂಚಿನ ಜರಿಗಿಡದ ಸುರುಳಿಯಾದ ಎಳೆಗುಡಿ ಥೆರ್ಮೆ ತೊಪ್ಪು. ಅದು ಬಿಚ್ಚಿಕೊಂಡು ಎಲೆಯಾಗುವ ಮೊದಲೇ ಕೊಯ್ಯಬೇಕು. ಕೆಸುವಿಗೆ ಕೊಡವ ಭಾಷೆಯಲ್ಲಿ ಕೆಂಬು ಎಂದು ಹೆಸರು. ಅದರ ತುರಿಕೆಯನ್ನು ಹುಳಿಯಿಂದ ಅಡಗಿಸುತ್ತಾರೆ. ಮರದ ಮೇಲೆಯೇ ಮಳೆಗಾಲದಲ್ಲಿ ಮೂಡುವ ಮರಕೆಸುವು ನೆಲದ ಕೆಸುವಿಗಿಂತ ಬೇರೆಯ ಸಸ್ಯವೆಂಬುದನ್ನು ಹೆಸರೇ ತಿಳಿಸುತ್ತದೆ. ಅಣಬೆಗಳಿಗೆ ಕುಮ್ಮು ಎಂಬುದು ಸಾಮಾನ್ಯ ನಾಮ. ಹುತ್ತದ ನೆಲದಲ್ಲಿ ಏಳುವುದು, ಮರದ ಬೊಡ್ಡೆಯಲ್ಲಿ ಏಳುವುದು ಎಂದು ನೆಲೆ ಕಾಲಗಳನ್ನು ನೋಡಿ ಬೇರ್ಪಡಿಸುವ ಈ ಜ್ಞಾನದಲ್ಲಿ ತಪ್ಪಿದರೆ ಅದು ಪ್ರಾಣಾಂತಿಕವೇ ಆಗಬಹುದು.

ಕಕ್ಕಡ ಮಾಸವು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುತ್ತದೆ. ನಾಟಿಯ ಕೆಲಸದ ಈ ತಿಂಗಳಿನಲ್ಲಿ ಮದುವೆ ಮುಂತಾದ ಶುಭಕಾರ್ಯಗಳಿಲ್ಲ. ಅದರ ಹದಿನೆಂಟನೆಯ ದಿನ, ‘ಕಕ್ಕಡ ಪದಿನೆಟ್ಟ್’ ಎಂದು ಪ್ರಸಿದ್ಧವಾದ, ಸುಮಾರು ಆಗಸ್ಟ್ ೩ರ ದಿನ, ಮದ್ದು ಸೊಪ್ಪನ್ನು ತಂದು ನೀರಿನಲ್ಲಿ ಕುದಿಸಿ, ಆ ನೇರಳೆ ಬಣ್ಣದ ರಸದಿಂದ ಪುಟ್ಟು ಪಾಯಸಗಳನ್ನು ಮಾಡುತ್ತಾರೆ. ಸಸ್ಯಶಾಸ್ತ್ರಜ್ಞರು ಇದನ್ನು ಜಸ್ಟೀಸಿಯಾ ವೈನಾಡೆನ್ಸಿಸ್ ಎಂದು ಗುರುತಿಸಿದ್ದಾರೆ. ಆ ದಿನ ಗಿಡದಲ್ಲಿ ಹದಿನೆಂಟು ಮದ್ದುಗಳು ಕೂಡಿರುತ್ತವೆಂಬುದು ಜನರ ನಂಬಿಕೆ. ಆ ಸಂಖ್ಯೆಯನ್ನು ಪರೀಕ್ಷಿಸುವುದು ಬೇರೆಯವರ ಕೆಲಸ. ಗಿಡವೊಂದರ ಹೆಸರು, ಕಾಲ, ಪಾಕಗಳನ್ನು ವರ್ಷಕ್ಕೊಮ್ಮೆ ಇಡಿಯ ನಾಡಿಗೆ ನೆನಪಿಸುವ ಪರ್ವವೊಂದು ಇದರಿಂದ ಏರ್ಪಟ್ಟಿತೆಂಬುದು ಇಲ್ಲಿ ಗಮನಾರ್ಹ. ನೋಂಪಿಯ ಕಥೆಯು ವ್ರತದ ವಿಧಿಯನ್ನು ಕಾಪಾಡುವಂತೆ ಪರ್ವವು ಗಿಡದ ನೆನಪನ್ನು ಕಾಪಾಡಿದೆ.

ಒಳಗಾಡಿನ ಗೆಡ್ಡೆಗೆಣಸುಗಳ ವಿದ್ಯೆಯಲ್ಲಿ ಕುರುಬರೂ ಯರವರೂ ಮುಂದು. ಬಳ್ಳಿಯನ್ನು ನೋಡಿ ಗೆಣಸಿನ ಜಾತಿಯನ್ನು ಹೇಳುವುದು, ಕಹಿಯಾದುದನ್ನು ಹೆಚ್ಚಿ ಹರಿಯುವ ನೀರಿನಲ್ಲಿಟ್ಟು ಕಹಿಯನ್ನು ಕಳೆಯುವುದು, ಅಗೆದ ಮೇಲೆ ಬಳ್ಳಿಯ ತಲೆಯನ್ನು ಮತ್ತೆ ಮಣ್ಣಿನಲ್ಲಿ ಹೂಳುವುದು ಈ ವಿದ್ಯೆಯ ಅಂಗಗಳು. ಕಡೆಯದು ಮುಂದಿನ ವರ್ಷದ ಆಹಾರಕ್ಕಾಗಿ ಮಾಡುವ ಕೆಲಸ.

೪. ಒಂದೇ ಲಕ್ಷಣ, ಎರಡು ನಿರ್ಣಯ

ಇಲ್ಲಿ ಜೈನಶಾಸ್ತ್ರದ ಅಭ್ಯಾಸಿಗಳಿಗೆ ವಿಶೇಷವಾಗಿ ವಿಚಾರಾರ್ಹವಾದ ಒಂದು ಸಂಗತಿಯಿದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ವನಸ್ಪತಿಗಳನ್ನು ಮೂಲಬೀಜ, ಅಗ್ರಬೀಜ, ಪರ್ವಬೀಜ, ಕಂದಬೀಜ, ಸ್ಕಂಧಬೀಜ, ಬೀಜರುಹ, ಸಮ್ಮೂರ್ಛಿಮ ಎಂದು ವಿಭಾಗಿಸಿರುವುದೂ, ಅನಂತಜೀವಾಶ್ರಿತವಾದ ಸಪ್ರತಿಷ್ಠಿತ ಪ್ರತ್ಯೇಕಕ್ಕೆ ಬಾಹ್ಯಲಕ್ಷಣಗಳನ್ನು ಹೇಳಿರುವುದೂ ಸುಪ್ರಸಿದ್ಧ. ನರ, ಸಂಧಿ, ಗಿಣ್ಣುಗಳು ಹೊರಗೆ ಕಾಣದೆ ಗೂಢವಾಗಿರುವುದು, ಮುರಿದರೆ ಸಮವಾಗಿ ಮುರಿಯುವುದು, ಮುರಿದೆಡೆಯಲ್ಲಿ ನಾರಿಲ್ಲದಿರುವುದು, ಕತ್ತರಿಸಿದರೂ ಮತ್ತೆ ಚಿಗುರುವುದು ಆ ಲಕ್ಷಣಗಳು. ಕೇಶವಣ್ಣನು ೧೩೫೯ರಲ್ಲಿ ಈ ಗ್ರಂಥಕ್ಕೆ ‘ಜೀವತತ್ತ್ವಪ್ರದೀಪಿಕೆ’ಯೆಂಬ ಕರ್ಣಾಟಕವೃತ್ತಿಯನ್ನು ಬರೆದುದರಿಂದ ಈ ವಿಚಾರವು ಕನ್ನಡದಲ್ಲಿಯೂ ಪ್ರಚಾರವಾಯಿತು.

ಬಿದಿರ ಮೊಳಕೆಯನ್ನು ಈ ಲಕ್ಷಣಗಳಿಗೆ ಹಿಡಿದು ನೋಡಬೇಕು. ಎಳೆಯದಾಗಿರುವಾಗ ಅದರ ಗಿಣ್ಣುಗಳು ಗೂಢವಾಗಿರುತ್ತವೆ, ಮುರಿದರೆ ಸಮಭಂಗವಾಗುತ್ತದೆ, ನಾರಿರುವುದಿಲ್ಲ. ಬೆಳೆದ ಮೇಲೆ ಗಿಣ್ಣು ಪ್ರಕಟವಾಗುತ್ತದೆ, ನಾರು ಬಲಿಯುತ್ತದೆ. ಕೊಡಗಿನಲ್ಲಿ ಬೈಂಬಳೆಯನ್ನು ಆಯುವವರು ನೋಡುವುದೂ ಇದನ್ನೇ: ಗಿಣ್ಣು ಬಲಿಯದೆ, ನಾರು ಕಟ್ಟದೆ, ಸಲೀಸಾಗಿ ಮುರಿಯುವಷ್ಟು ಕಾಲ ಅದು ಅಡುಗೆಗೆ ಯೋಗ್ಯ. ಜರಿಯ ಸುರುಳಿಗುಡಿಗೂ ಇದೇ ಪರೀಕ್ಷೆ. ಗೆಣಸಿನ ಬಳ್ಳಿಯ ತಲೆಯನ್ನು ಮರಳಿ ಹೂಳುವವನು ಅದು ಛಿನ್ನರುಹವೆಂಬುದನ್ನು ಆ ಶಬ್ದವಿಲ್ಲದೆಯೇ ಬಲ್ಲನು. ಯಾವ ಚಿಹ್ನೆಯನ್ನು ನೋಡಿ ಶ್ರಾವಕನು ಅದನ್ನು ಬಿಡುತ್ತಾನೋ ಆ ಚಿಹ್ನೆಯನ್ನೇ ನೋಡಿ ಕಾಡಿನವನು ಅದನ್ನು ಆರಿಸಿಕೊಳ್ಳುತ್ತಾನೆ. ನಿರ್ಣಯಗಳು ವಿರುದ್ಧವಾಗಿವೆ, ಅವಲೋಕನವು ಒಂದೇ ಆಗಿದೆ.

ಋತುವಿನ ವಿಷಯವೂ ಹೀಗೆಯೇ. ಆಷಾಢದಿಂದ ಕಾರ್ತಿಕದವರೆಗಿನ ಚಾತುರ್ಮಾಸ್ಯದಲ್ಲಿ ನೆಲವೆಲ್ಲ ಜೀವಸಂಕುಲವಾಗಿರುವುದರಿಂದ ಮುನಿಗಳು ವಿಹಾರವನ್ನು ನಿಲ್ಲಿಸುತ್ತಾರೆ, ಶ್ರಾವಕರು ಹಸಿಯ ಸೊಪ್ಪನ್ನು ಬಿಡುತ್ತಾರೆ. ಅದೇ ತಿಂಗಳುಗಳಲ್ಲಿ, ಕಣಜ ಬರಿದಾಗಿ ಮಳೆ ಬಿಡದಿರುವ ಕಾಲದಲ್ಲಿ, ಕೊಡಗಿನ ಮನೆಗಳಿಗೆ ಕಾಡು ಅನ್ನ ನೀಡುತ್ತದೆ. ಮಳೆಯು ಜೀವವನ್ನು ಉಕ್ಕಿಸುತ್ತದೆಂಬ ಒಂದೇ ಅನುಭವದಿಂದ ಒಂದು ಕಡೆ ತ್ಯಾಗದ ನಿಯಮವೂ ಇನ್ನೊಂದು ಕಡೆ ಸಂಗ್ರಹದ ನಿಯಮವೂ ಹೊರಟಿವೆ. ಒಬ್ಬರ ಭಕ್ಷ್ಯವು ಇನ್ನೊಬ್ಬರ ಅಭಕ್ಷ್ಯವಾದ ಮಾತ್ರಕ್ಕೆ ಅವರ ಜ್ಞಾನವು ಅಜ್ಞಾನವಾಗುವುದಿಲ್ಲ. ಅಷ್ಟೇ ಅಲ್ಲ, ಅಭಕ್ಷ್ಯವನ್ನು ಬಿಡಬೇಕಾದವನಿಗೂ ಅದನ್ನು ಗುರುತಿಸುವ ಜ್ಞಾನ ಬೇಕು.

೫. ಬರೆದಿಡುವ ಪ್ರಯತ್ನಗಳು

ಕೊಡಗಿನ ಸಸ್ಯಸಂಪತ್ತನ್ನೂ ಜನರ ನಡೆನುಡಿಗಳನ್ನೂ ಅಚ್ಚಿಗೆ ತಂದ ಮೊದಲ ಪುಸ್ತಕಗಳಲ್ಲಿ ೧೮೭೦ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಟ ಜಿ. ರಿಕ್ಟರ್ ಅವರ ಕೊಡಗಿನ ಕೈಪಿಡಿ ಮುಖ್ಯವಾದುದು. ಅದು ಹೊರಗಿನಿಂದ ಬಂದವರು ಆಡಳಿತದ ಉಪಯೋಗಕ್ಕೂ ಇಟ್ಟುಕೊಂಡು ಬರೆದ ಗ್ರಂಥ. ೧೯೨೪ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯು ಒಳಗಿನವರೇ ತಮ್ಮ ಹಾಡು, ಆಚಾರ, ಗಾದೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟ ಗ್ರಂಥ. ಆ ಹೆಸರಿನಲ್ಲಿರುವ ‘ಪಟ್ಟೋಲೆ’ಯನ್ನು ಹಸ್ತಪ್ರತಿಗಳ ಅಭ್ಯಾಸಿಗಳು ವಿಶೇಷವಾಗಿ ಗಮನಿಸಬೇಕು. ಪಟ್ಟೆಂದರೆ ರೇಷ್ಮೆ, ಓಲೆಯೆಂದರೆ ತಾಳೆಯ ಗರಿ. ಓಲೆಗೆ ಏರದೆ ಬಾಯಲ್ಲಿ ಬಾಳಿದ ಪಳಮೆಯನ್ನು ಅಚ್ಚಿಗೆ ಕೊಡುವಾಗ ಸಂಗ್ರಾಹಕರು ಓಲೆಯ ಗೌರವವನ್ನು ಅದಕ್ಕೆ ತೊಡಿಸಿದರು. ೧೯೯೦ರಲ್ಲಿ ಕೇಶವಮೂರ್ತಿ ಮತ್ತು ಯೋಗನರಸಿಂಹನ್ ಅವರ ಕೊಡಗಿನ ಸಸ್ಯಸಂಪುಟವು ಹೊರಬಂದುದರಿಂದ ಸಸ್ಯಗಳ ಶಾಸ್ತ್ರೀಯ ಗುರುತಿಗೆ ಭದ್ರವಾದ ತಳಹದಿ ಸಿಕ್ಕಿತು.

೨೦೦೨ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯು ರಚಿತವಾಗಿ, ಜನರನ್ನೇ ಕೇಳಿ ‘ಜನತಾ ಜೀವವೈವಿಧ್ಯ ದಾಖಲಾತಿ’ಯನ್ನು ಸಿದ್ಧಪಡಿಸಬೇಕೆಂದು ವಿಧಿಸಲಾಯಿತು. ಈ ಕಾರ್ಯವು ಬಹುಕಾಲ ಕುಂಟುತ್ತ ಸಾಗಿದುದರಿಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೨೦ರ ಜನವರಿ ೩೧ರ ಗಡುವನ್ನು ವಿಧಿಸಬೇಕಾಯಿತು. ಗಡುವಿಗೆ ಬೆದರಿ ತುಂಬಿಸಿದ ಪಟ್ಟಿ ಹೇಗಿರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಕೂಲಿಗೆ ಪ್ರತಿಮಾಡಿದ ಲಿಪಿಕಾರನ ಓಲೆಕಟ್ಟನ್ನು ಬಿಚ್ಚಿ ನೋಡಿದವರಿಗೆ ಅದು ಗೊತ್ತಿರುತ್ತದೆ: ಪುಟ ತುಂಬಿರುತ್ತದೆ, ಪಾಠ ಕೆಟ್ಟಿರುತ್ತದೆ.

೬. ಗ್ರಂಥಸಂಪಾದನೆಯಿಂದ ಕಲಿಯಬೇಕಾದುದು

ಬಾಯ್ದೆರೆಯ ಜ್ಞಾನವನ್ನು ಬರೆದುಕೊಳ್ಳುವವರಿಗೆ ಗ್ರಂಥಸಂಪಾದನಶಾಸ್ತ್ರವು ನೆರವಾಗಬಲ್ಲದು. ಮೊದಲನೆಯದು ಪಾಠಾಂತರದ ವಿಚಾರ. ಕೊಡಗಿನ ಅಡುಗೆಯಲ್ಲಿ ಪ್ರಸಿದ್ಧವಾದ ಕಾಚಂಪುಳಿಯೆಂಬ ಕಪ್ಪನೆಯ ಗಟ್ಟಿ ಹುಳಿಯನ್ನು ಪಣಪುಳಿಯ ಹಣ್ಣಿನಿಂದ ಮಾಡುತ್ತಾರೆ. ಮಳೆಗಾಲದಲ್ಲಿ ಮಾಗಿದ ಹಣ್ಣುಗಳನ್ನು ಬುಟ್ಟಿಯಲ್ಲಿಟ್ಟು, ಕೆಳಗೆ ತೊಟ್ಟಿಕ್ಕಿದ ರಸವನ್ನು ಬತ್ತುವವರೆಗೆ ಕಾಯಿಸುತ್ತಾರೆ. ಮಲೆನಾಡಿನಲ್ಲಿ ಈ ಮರವೇ ಉಪ್ಪಾಗೆ. ಕರಾವಳಿಯಲ್ಲಿ ಪುನರ್ಪುಳಿಯೆಂದು ಕರೆಯುವ ಮರ ಇದರ ಕುಲದ್ದೇ ಆದರೂ ಬೇರೆ ಜಾತಿಯದು. ಅದು ಮುರುಗಲು, ಅದರಿಂದ ಕೆಂಪು ಪಾನಕವಾಗುತ್ತದೆ. ಪಣಪುಳಿ, ಪುನರ್ಪುಳಿ ಎಂಬ ಎರಡು ಶಬ್ದಗಳು ಕಿವಿಗೆ ಹತ್ತಿರವಾಗಿವೆ. ಕೊಡಗಿನ ಮಾತನ್ನು ‘ಅಶುದ್ಧ’ವೆಂದೆಣಿಸಿ ಬರೆಯುವವನು ತಾನು ಬಲ್ಲ ರೂಪಕ್ಕೆ ತಿದ್ದಿದನಾದರೆ, ಅಕ್ಷರದ ಜೊತೆಗೆ ಮರವೇ ಬದಲಾಗಿಬಿಡುತ್ತದೆ. ಓಲೆಗ್ರಂಥಗಳಲ್ಲಿ ಅಪರಿಚಿತ ಶಬ್ದವನ್ನು ಪರಿಚಿತ ಶಬ್ದಕ್ಕೆ ತಿದ್ದಿದ ಲಿಪಿಕಾರರಿಂದಾದ ಹಾನಿ ಇದೇ ಜಾತಿಯದು. ಕೇಳಿದ ರೂಪವನ್ನು ಕೇಳಿದಂತೆಯೇ ಬರೆದು, ಅನ್ಯರೂಪಗಳನ್ನು ಬದಿಯಲ್ಲಿ ಕೊಡುವುದೇ ಕ್ಷೇಮಕರ.

ಎರಡನೆಯದು ಪ್ರತಿಯ ವಿವರ. ಒಳ್ಳೆಯ ಗ್ರಂಥಸೂಚಿಯಲ್ಲಿ ಪ್ರತಿಯ ನೆಲೆ, ಅವಸ್ಥೆ, ಆದ್ಯಂತಗಳು, ಲೇಖನಕಾಲ ನಮೂದಾಗಿರುತ್ತವೆ. ೧೯೪೮ರಲ್ಲಿ ಪ್ರಕಟವಾದ, ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರ ಗ್ರಂಥಸೂಚಿಯು ಈ ಬಗೆಯ ಪರಿಶ್ರಮದ ಫಲ. ಸಸ್ಯವೊಂದರ ತಿಳಿವನ್ನು ಬರೆಯುವಾಗಲೂ ಯಾವ ಸಮುದಾಯದವರು, ಯಾವ ಊರಿನಲ್ಲಿ, ಯಾವ ಹೆಸರಿನಿಂದ ಹೇಳಿದರು. ಯಾವ ಮಾಸದಲ್ಲಿ ಯಾವ ಅಂಗವನ್ನು ಕೊಯ್ಯುವುದು. ಎಂತಹ ಸಂಸ್ಕಾರದಿಂದ ಅದರ ದೋಷ ಕಳೆಯುವುದು. ಎಷ್ಟನ್ನು ಬಿಟ್ಟು ಬರಬೇಕು ಎಂಬಿವು ಇರಲೇಬೇಕು. ಸಂಸ್ಕಾರವನ್ನು ಬಿಟ್ಟು ‘ತಿನ್ನಬಹುದು’ ಎಂದಷ್ಟೇ ಬರೆದ ಪಟ್ಟಿಯು ಅಪೂರ್ಣವಷ್ಟೇ ಅಲ್ಲ, ಅಪಾಯಕರವೂ ಹೌದು. ನೆನೆಯಿಡದ ಕಳಲೆ, ಕಹಿ ಕಳೆಯದ ಗೆಣಸು, ಹುಳಿ ಹಾಕದ ಕೆಸು ಮೂರೂ ಕಾಗದದ ಮೇಲೆ ಭಕ್ಷ್ಯ, ದೇಹದಲ್ಲಿ ದೋಷ.

ಮೂರನೆಯದು ನಿಷೇಧಗಳ ದಾಖಲೆ. ಏನನ್ನು ತಿನ್ನುವುದಿಲ್ಲ, ಯಾವ ಕಾಲದಲ್ಲಿ ಮುಟ್ಟುವುದಿಲ್ಲ, ಯಾವ ದೇವರಕಾಡಿನೊಳಗೆ ಕೈಯಿಡುವುದಿಲ್ಲ ಎಂಬುದೂ ಜ್ಞಾನವೇ. ಕೊಡಗಿನಲ್ಲಿ ೧೨೦೦ಕ್ಕೂ ಹೆಚ್ಚು ದೇವರಕಾಡುಗಳಿವೆ. ಬಿಡುವಿಕೆಯ ಶಾಸ್ತ್ರವನ್ನು ಇಷ್ಟು ವಿಸ್ತಾರವಾಗಿ ಬೆಳೆಸಿದ ಜೈನಪರಂಪರೆಯ ಪಂಡಿತರಿಗೆ ಈ ಭಾಗದ ಮಹತ್ತ್ವವು ಬೇರೆಯವರಿಗಿಂತ ಬೇಗ ಹೊಳೆಯಬೇಕು.

೭. ಬರೆದ ಮೇಲೆ ಯಾರದು?

ಬರೆದಿಡುವುದರಿಂದ ಜ್ಞಾನ ಉಳಿಯುತ್ತದೆಂಬುದು ಹಸ್ತಪ್ರತಿಶಾಸ್ತ್ರದ ಮೂಲನಂಬಿಕೆ. ಆದರೆ ಬರೆದಿಡುವುದರಿಂದ ಅದು ಕೈಬದಲಾಗುವುದೂ ಉಂಟು. ಪಣಪುಳಿಯ ಜಾತಿಯ ಹಣ್ಣಿನಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ೧೯೯೦ರ ದಶಕದಲ್ಲಿ ಮೈಯ ಕೊಬ್ಬು ಕರಗಿಸುವ ಗುಳಿಗೆಗಳಾಗಿ ಪಾಶ್ಚಾತ್ಯ ದೇಶಗಳಲ್ಲಿ ಮಾರತೊಡಗಿದರು. ೧೯೯೮ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದು ಅದರಿಂದ ತೂಕ ಇಳಿಯುವುದರಲ್ಲಿ ಯಾವ ವಿಶೇಷವೂ ಕಾಣಲಿಲ್ಲವೆಂದು ಹೇಳಿತಾದರೂ ಮಾರಾಟ ನಿಲ್ಲಲಿಲ್ಲ. ಹುಳಿಯನ್ನು ಅಡುಗೆಗೆ ಪಳಗಿಸಿದ ಮನೆಗಳ ಹೆಸರು ಆ ಗುಳಿಗೆಯ ಡಬ್ಬಿಯ ಮೇಲೆ ಬರಲಿಲ್ಲ.

ಶಾಸನದ ಸ್ಥಿತಿಯೂ ಆಲೋಚನೆಗೆ ಎಡೆಕೊಡುತ್ತದೆ. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯು ಕಾಡಿನಲ್ಲಿ ಬಾಳುವ ಸಮುದಾಯಗಳಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲೂ, ಜೀವವೈವ್ಯಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲೂ ಹಕ್ಕನ್ನು ಮಾನ್ಯ ಮಾಡಿತು. ಬಿದಿರು ಆ ಉತ್ಪನ್ನಗಳಲ್ಲಿ ಸೇರಿದೆ. ೨೦೨೩ರಲ್ಲಿ ಜೀವವೈವಿಧ್ಯ ಕಾಯಿದೆಗೆ ಆದ ತಿದ್ದುಪಡಿಯು, ೧೯೪೦ರ ಔಷಧ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಹೆಸರಿಸಿದ ಪ್ರಮಾಣಗ್ರಂಥಗಳಿಂದ ಬಂದ ಜ್ಞಾನವನ್ನು ‘ಸಂಹಿತೀಕೃತ’ವೆಂದು ಪರಿಗಣಿಸಿ, ಅದನ್ನು ಬಳಸುವ ದೇಶೀಯರಿಗೆ ಮುನ್ಸೂಚನೆ ಕೊಡುವ, ಲಾಭ ಹಂಚುವ ಹೊಣೆಯಿಂದ ವಿನಾಯಿತಿಯನ್ನಿತ್ತಿತು. ಹೀಗಾಗಿ ಗ್ರಂಥಸ್ಥವೋ ಅಲ್ಲವೋ ಎಂಬ ಪ್ರಶ್ನೆ ಪಂಡಿತರ ಮನೆಯ ಪ್ರಶ್ನೆಯಾಗಿ ಉಳಿದಿಲ್ಲ. ಅದರ ಮೇಲೆ ಕಾಡಿನಂಚಿನ ಕುಟುಂಬದ ಪಾಲು ನಿಂತಿದೆ. ಹಾಗೆಂದು ಬರೆಯದೆ ಬಿಡುವುದು ಪರಿಹಾರವಲ್ಲ. ೧೮೫೪ರಿಂದ ಹಬ್ಬಿದ ಕಾಫಿತೋಟಗಳು, ಕಾಯ್ದಿರಿಸಿದ ಅರಣ್ಯಗಳು, ೧೯೭೨ರ ವನ್ಯಜೀವಿ ಕಾಯಿದೆಯ ಬಳಿಕ ನಾಗರಹೊಳೆಯ ಹಾಡಿಗಳಿಂದ ಹೊರಬಂದ ಕುಟುಂಬಗಳು, ಇವೆಲ್ಲ ಹೆಸರಿಗೂ ಗಿಡಕ್ಕೂ ಇದ್ದ ಸಂಬಂಧವನ್ನು ಸಡಿಲಗೊಳಿಸಿವೆ. ಗಿಡದ ಬಳಿಗೆ ಹೋಗದ ಮಗುವಿಗೆ ಅಜ್ಜಿಯ ಬಾಯಿಯ ಹೆಸರು ಬರಿಯ ಶಬ್ದವಾಗುತ್ತದೆ.

ಆದುದರಿಂದ ಬರೆಯುವ ಕ್ರಮದಲ್ಲಿಯೇ ಒಡೆತನವನ್ನು ಬರೆಯಬೇಕು. ಕನ್ನಡ ನಾಡಿನ ಜೈನ ಹಸ್ತಪ್ರತಿಗಳಲ್ಲಿ ಇದಕ್ಕೆ ಒಳ್ಳೆಯ ಮೇಲ್ಪಂಕ್ತಿಯಿದೆ. ಪ್ರತಿಯ ಕೊನೆಯಲ್ಲಿ ಬರೆದವನಾರು, ಬರೆಸಿದವರಾರು, ಯಾರಿಗೆ ಯಾವ ನೋಂಪಿಯ ಉದ್ಯಾಪನೆಗಾಗಿ ಶಾಸ್ತ್ರದಾನ ಮಾಡಿದರು ಎಂಬುದನ್ನು ಪ್ರಶಸ್ತಿಯಲ್ಲಿ ನಮೂದಿಸುವ ವಾಡಿಕೆಯಿಂದಲೇ ಎಷ್ಟೋ ಶ್ರಾವಕಿಯರ, ಲಿಪಿಕಾರರ ಹೆಸರುಗಳು ಇತಿಹಾಸಕ್ಕೆ ಉಳಿದುವು. ಸಸ್ಯಜ್ಞಾನದ ದಾಖಲೆಗೂ ಅಂತಹದೊಂದು ಪ್ರಶಸ್ತಿ ಬೇಕು. ಹೇಳಿದ ಸಮುದಾಯದ ಹೆಸರು, ಅವರ ಒಪ್ಪಿಗೆ, ಯಾವುದನ್ನು ಪ್ರಕಟಿಸಬಹುದು ಯಾವುದನ್ನು ಬಾರದು ಎಂಬ ಅವರ ಮಾತು ದಾಖಲೆಯ ಭಾಗವೇ ಆಗಿರಬೇಕು. ಅವರ ಭಾಷೆಯಲ್ಲಿ, ಅವರು ಓದಬಲ್ಲ ಲಿಪಿಯಲ್ಲಿ ಒಂದು ಪ್ರತಿ ಅವರಲ್ಲಿಯೇ ಉಳಿಯಬೇಕು.

ಜೈನ ವಿದ್ವಾಂಸರ ಪಾಲಿಗೆ ಬರುವ ಕೆಲಸವೂ ಇದರಲ್ಲಿ ಇದೆ. ‘ಖಗೇಂದ್ರಮಣಿದರ್ಪಣ’, ‘ಲೋಕೋಪಕಾರ’, ‘ಸೂಪಶಾಸ್ತ್ರ’ಗಳಲ್ಲಿ ಬರುವ ಸಸ್ಯನಾಮಗಳಲ್ಲಿ ನಿಘಂಟುಗಳಿಂದ ಬಿಡಿಸಲಾಗದವು ಇನ್ನೂ ಇವೆ. ಭಂಡಾರಗಳ ‘ವೈದ್ಯಸಂಗ್ರಹ’, ‘ಸಂಕೀರ್ಣ’ ಎಂಬ ಶೀರ್ಷಿಕೆಯ ಬಿಡಿಗರಿಗಳಲ್ಲಿ ಅಂತಹವು ಮತ್ತಷ್ಟು ದೊರೆಯಬಹುದು. ಅವುಗಳ ಅರ್ಥವನ್ನು ಹೇಳಬಲ್ಲವರು ಮಳೆಗಾಲದಲ್ಲಿ ಕಾಡಿಗೆ ಹೋಗಿ ಬರುವ ಜನರಾಗಿರಬಹುದು. ಓಲೆಯಲ್ಲಿ ಹೆಸರಿದೆ, ಗಿಡವಿಲ್ಲ. ಅವರ ಕೈಯಲ್ಲಿ ಗಿಡವಿದೆ, ಓಲೆಯಿಲ್ಲ. ಎರಡನ್ನೂ ಎದುರುಬದುರಾಗಿ ಇಟ್ಟು ಓದಿದಲ್ಲದೆ ಎಷ್ಟೋ ಪದಗಳು ನಮ್ಮ ಗ್ರಂಥಗಳಲ್ಲಿಯೇ ಅಜ್ಞಾತಫಲಗಳಾಗಿ ಉಳಿಯುತ್ತವೆ.